ಜಪಸರದ ನಡುವೆ ಬಂದ ಜಾಹೀರಾತು



ಒಂದು ಮೊದಲ ಶುಕ್ರವಾರ ಕುಂದಗೋಳ ತಾಲೂಕಿನ ಹಳ್ಳಿಯೊಂದಕ್ಕೆ, ನಡೆಯಲಾಗದ ಅಜ್ಜಿಯೊಬ್ಬರಿಗೆ ಪರಮಪ್ರಸಾದ ನೀಡಲು ಹೋಗಿದ್ದೆ. ಮಗ, ಸೊಸೆ ಇಬ್ಬರೂ ಹೊಲದ ಕೆಲಸದವರು. ಅಂದು ನಾನು ಬರುವೆನೆಂದು ಸೊಸೆ ಮನೆಯಲ್ಲಿ ಉಳಿದಿದ್ದರು. ಪ್ರಾರ್ಥನೆ ಮುಗಿದ ಮೇಲೆ ಅವರು ಮೆಲ್ಲಗೆ, "ಅತ್ತಿ ಸಕ್ಕರಿ ಗುಳಿಗಿ ಬಿಟ್ಟು ಎಂಟ್ ದಿನ ಆತ್ರಿ ಫಾದರ್, ನೀವರ ಹೇಳ್ರಿ" ಎಂದರು. ಏಕೆ ಬಿಟ್ಟಿರಿ ಎಂದು ಅಜ್ಜಿಯನ್ನು ಕೇಳಿದೆ. ಅವರ ಉತ್ತರ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. "ಫೋನಿನ್ಯಾಗ ಜಪಸರ ಹಚ್ಚಿದ್ನಿರಿ. ನಡುವ ಒಬ್ಬಾಂವ ಬಂದು ಈ ಪುಡಿ ತಗೋ, ಗುಳಿಗಿ ಬ್ಯಾಡ, ಸಕ್ಕರಿ ರೋಗ ಹೋಗತೈತಿ ಅಂದ. ಜಪದಾಗ ಬಂತಲ್ರಿ, ಮರಿಯಮ್ಮನ ತೋರ್ಸಿರಬೇಕು ಅಂದ್ಕೊಂಡ್ನಿ."

ಅಜ್ಜಿ ದಡ್ಡರಲ್ಲ. ಆಸ್ತಿಯ ಕಾಗದದಿಂದ ಹಿಡಿದು ಕಡಲೆಯ ಧಾರಣೆಯವರೆಗೆ ಅವರನ್ನು ಮೋಸಗೊಳಿಸುವುದು ಸುಲಭವಲ್ಲ. ಆದರೆ ಜಪಸರದ ಐದು ರಹಸ್ಯಗಳ ನಡುವೆ ಕೇಳಿಬಂದ ಧ್ವನಿಯನ್ನು ಅವರು ಸಂತೆಯ ಧ್ವನಿಯೆಂದು ಭಾವಿಸಲಿಲ್ಲ. ಜಾಹೀರಾತು ತಾನು ಕುಳಿತ ಜಾಗದ ನಂಬಿಕೆಯನ್ನು ಕಡ ತಂದುಕೊಳ್ಳುತ್ತದೆ. ಸಂತೆಯಲ್ಲಿ ಕೂಗಿ ಮಾರುವವನನ್ನು ನಾವು ಅರ್ಧ ನಂಬುತ್ತೇವೆ. ಅವನೇ ದೇವಾಲಯದ ಪೀಠದ ಪಕ್ಕ ನಿಂತು ಕೂಗಿದರೆ?

ಅಷ್ಟರಲ್ಲಿ ಮೊಮ್ಮಗ ಒಳಗೆ ಬಂದ. ಪಿಯುಸಿ ಓದುವ ಹುಡುಗ, ಬೇಸಾಯದ ಮನೆಯ ಜಾಣ ಹುಡುಗ. "ಜಾಹೀರಾತ ಬರದಂಗ ಮಾಡೋದು ಐತ್ರಿ ಫಾದರ್, ಗೆಳೆಯಾ ವಾಟ್ಸಾಪಿಗೆ ಕಳಿಸ್ಯಾನ. ಅಜ್ಜಿ ಫೋನಿಗೆ ಹಾಕತೀನಿ" ಎಂದ. ಸ್ವಲ್ಪ ತಡೆದು, "ಅದೇನು ಕಳವು ಆಗತೈತೇನ್ರಿ?" ಎಂದೂ ಕೇಳಿದ. ಅಜ್ಜಿಯ ಗುಳಿಗೆ ಮತ್ತು ಹುಡುಗನ ಪ್ರಶ್ನೆ, ಎರಡಕ್ಕೂ ಅಂದು ಅರ್ಧ ಗಂಟೆಯಲ್ಲಿ ನಾನು ಹೇಳಿದ್ದು ಸಾಲದೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಣ ಎಲ್ಲಿಂದ ಬರುತ್ತದೆ?

ಜಾಹೀರಾತು ನಮಗೆ ಹೊಸದಲ್ಲ. 1967ರಲ್ಲಿ ವಿವಿಧ ಭಾರತಿಯಲ್ಲೂ 1976ರಲ್ಲಿ ದೂರದರ್ಶನದಲ್ಲೂ ಅದು ಬಂತು. ಆಗ ಇಡೀ ದೇಶ ಒಂದೇ ಸೋಪಿನ ಹಾಡನ್ನು ಕೇಳುತ್ತಿತ್ತು. ಈಗ ಹಾಗಿಲ್ಲ. ನಾವು ನೋಡುವ ವಿಡಿಯೋ ಯಾವುದು, ಭಾಷೆ ಯಾವುದು, ಊರು ಯಾವ ಕಡೆ, ವಯಸ್ಸು ಎಷ್ಟಿರಬಹುದು ಎಂಬ ಲೆಕ್ಕ ನೋಡಿ ಒಬ್ಬೊಬ್ಬರಿಗೆ ಒಂದೊಂದು ಜಾಹೀರಾತು ಬರುತ್ತದೆ. ಕನ್ನಡದಲ್ಲಿ ಭಕ್ತಿಗೀತೆ, ಜಪಗಳನ್ನು ಕೇಳುವವರಲ್ಲಿ ವಯಸ್ಸಾದವರು ಹೆಚ್ಚೆಂದು ಪುಡಿ ಮಾರುವವನಿಗೆ ಗೊತ್ತು. ಅಜ್ಜಿಗೆ ಇದನ್ನೇ ಬಿಡಿಸಿ ಹೇಳಿದೆ: "ಅದು ಮರಿಯಮ್ಮ ಕಳಿಸಿದ್ದಲ್ಲ, ವ್ಯಾಪಾರಿ ದುಡ್ಡು ಕೊಟ್ಟು ನಿಮ್ಮ ಜಪದ ನಡುವೆ ತೂರಿಸಿದ್ದು."

2005ರಲ್ಲಿ ಹುಟ್ಟಿ 2006ರಲ್ಲಿ ಗೂಗಲ್ ಕಂಪನಿಯ ಪಾಲಾದ ಯೂಟ್ಯೂಬ್, 2007ರಿಂದ ವಿಡಿಯೋ ಮಾಡುವವರಿಗೂ ಪಾಲು ಕೊಡುತ್ತಾ ಬಂದಿದೆ. ದೊಡ್ಡ ವಿಡಿಯೋಗಳ ಜಾಹೀರಾತಿನ ಹಣದಲ್ಲಿ ನೂರಕ್ಕೆ 55 ರೂಪಾಯಿ ಮಾಡಿದವರಿಗೆ, 45 ಕಂಪನಿಗೆ. ಆದರೆ ಜಾಹೀರಾತಿನ ಪಾಲು ಸಿಗಬೇಕಾದರೆ ಕನಿಷ್ಠ 1,000 ಚಂದಾದಾರರು ಇರಬೇಕು, ಜೊತೆಗೆ ಒಂದು ವರ್ಷದಲ್ಲಿ ಜನ 4,000 ಗಂಟೆಯಷ್ಟು ನೋಡಿರಬೇಕು, ಇಲ್ಲವೆ ಚಿಕ್ಕ ವಿಡಿಯೋಗಳಿಗೆ ಬೇರೆ ಲೆಕ್ಕವಿದೆ. ಈ ಮಟ್ಟ ಮುಟ್ಟದ ಸಣ್ಣ ಚಾನೆಲ್‌ಗಳ ಮೇಲೂ ಜಾಹೀರಾತು ಹಾಕುವ ಹಕ್ಕನ್ನು ಕಂಪನಿ 2020ರ ನವೆಂಬರಿನಲ್ಲಿ ಮೊದಲು ಅಮೆರಿಕಾದಲ್ಲಿ, 2021ರಲ್ಲಿ ಉಳಿದ ದೇಶಗಳಲ್ಲಿ ತನ್ನದಾಗಿಸಿಕೊಂಡಿತು. ಅಲ್ಲಿ ಮಾಡಿದವರಿಗೆ ಒಂದು ಪೈಸೆಯೂ ಇಲ್ಲ. 2020ರ ಕೊರೋನಾ ಕಾಲದಲ್ಲಿ ಬಾಗಿಲು ಮುಚ್ಚಿದಾಗ ಎಷ್ಟೋ ಧರ್ಮಕೇಂದ್ರಗಳು ಬಲಿಪೂಜೆಯನ್ನು ತೋರಿಸಲು ಚಾನೆಲ್ ತೆರೆದವಲ್ಲ, ಅವುಗಳಲ್ಲಿ ಬಹಳಷ್ಟು ಇಂಥ ಸಣ್ಣವೇ. ಆದುದರಿಂದ ಪೂಜೆಯ ವಿಡಿಯೋದಲ್ಲಿ ಜಾಹೀರಾತು ಕಂಡೊಡನೆ "ಫಾದರ್ ದುಡ್ಡು ಮಾಡ್ಯಾರ" ಎನ್ನಬೇಡಿರಿ.

ಕಳವೇ, ಅಲ್ಲವೇ?

ಹುಡುಗನ ಪ್ರಶ್ನೆಗೆ ಬರೋಣ. ಪರರ ವಸ್ತುವನ್ನು ಗುಟ್ಟಾಗಿ ತೆಗೆದುಕೊಳ್ಳುವುದು ಕಳವು ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸುತ್ತಾರೆ. ಜಾಹೀರಾತನ್ನು ತಡೆದವನು ಯಾರ ಪೆಟ್ಟಿಗೆಯಿಂದಲೂ ಏನನ್ನೂ ತೆಗೆಯುವುದಿಲ್ಲ. ಅವನು ಕೊಡದೆ ಉಳಿಸಿಕೊಳ್ಳುವುದು ತನ್ನದೇ ಆದ ಗಮನವನ್ನು. ಜರ್ಮನಿಯ ಉಚ್ಚ ನ್ಯಾಯಪೀಠವೂ 2018ರ ಏಪ್ರಿಲಿನಲ್ಲಿ, ಪತ್ರಿಕಾ ಸಂಸ್ಥೆಯೊಂದು ಹೂಡಿದ್ದ ದಾವೆಯಲ್ಲಿ, ಜಾಹೀರಾತು ತಡೆಯುವ ತಂತ್ರಾಂಶವನ್ನು ಒದಗಿಸುವುದು ಅನ್ಯಾಯದ ಸ್ಪರ್ಧೆಯಲ್ಲ ಎಂದಿತು. ಹಾಗಾಗಿ ಏಳನೆಯ ಆಜ್ಞೆಯ ನೇರ ಅರ್ಥದಲ್ಲಿ ಇದು ಕಳವೆಂದು ನಾನು ಹೇಳಲಾರೆ.

ಆದರೆ ಕಳವಲ್ಲದ್ದೆಲ್ಲ ನ್ಯಾಯವಾಗುವುದಿಲ್ಲ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂಬುದು ಧರ್ಮೋಪದೇಶಕಾಂಡದ ಕಟ್ಟಳೆ (25:4). ಸಂತ ಪೌಲರು ಅದನ್ನೇ ಎತ್ತಿಕೊಂಡು ದುಡಿಯುವವನಿಗೆ ಕೂಲಿ ಸಲ್ಲಬೇಕೆಂದು ಬೋಧಿಸುತ್ತಾರೆ (1 ತಿಮೊ. 5:18). ನವಲಗುಂದ, ಅಣ್ಣಿಗೇರಿಯ ಕಡೆಯ ಹಿರಿಯರು ಕಣದಲ್ಲಿ ಹಂತಿ ಹೂಡಿದ ಎತ್ತುಗಳನ್ನು ಕಣ್ಣಾರೆ ಕಂಡವರು, ಅವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹುಡುಗ ಭೌತಶಾಸ್ತ್ರದ ಪಾಠಗಳನ್ನು ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಕಲಿಯುತ್ತಾನೆ. ಪಾಠ ಮಾಡಿದ ಶಿಕ್ಷಕರಿಗೆ ಅವನಿಂದ ಸಲ್ಲುವುದು ಆ ಜಾಹೀರಾತಿನ ಪಾಲು ಮಾತ್ರ. ವರ್ಷವಿಡೀ ಅವರ ಕಾಳು ತಿಂದು, ಅವರ ಬಾಯಿಗೆ ಮಾತ್ರ ಕುಕ್ಕೆ ಕಟ್ಟಿದರೆ?

ಒಂದು ಭೇದವನ್ನು ಗಮನಿಸಬೇಕು. ಐದು ಸೆಕೆಂಡು ಕಳೆದ ಮೇಲೆ ಬರುವ "ಸ್ಕಿಪ್" ಒತ್ತುವುದು ಬೇರೆ, ಅದು ಅಂಗಡಿಯವನೇ ಕೊಟ್ಟ ಅವಕಾಶ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ಹಣ ಕೊಟ್ಟು ಜಾಹೀರಾತಿಲ್ಲದೆ ನೋಡುವುದು ಬೇರೆ. ಪ್ರೀಮಿಯಂ ಎಂಬ ಆ ಚಂದಾ ನಮ್ಮ ದೇಶಕ್ಕೆ 2019ರಲ್ಲಿ ಬಂತು, 2024ರ ಆಗಸ್ಟಿನಲ್ಲಿ ಅದರ ದರ ಒಬ್ಬರಿಗೆ ತಿಂಗಳಿಗೆ 149 ರೂಪಾಯಿ, ಒಂದು ಕುಟುಂಬಕ್ಕೆ 299 ರೂಪಾಯಿ ಆಯಿತು. ಆ ಹಣದಲ್ಲೂ ವಿಡಿಯೋ ಮಾಡುವವರಿಗೆ ಪಾಲು ಹೋಗುತ್ತದೆ. ನೌಕರಿಯ ಸಂಬಳ ಬರುವ ಮನೆಯವರು ಇದನ್ನು ಯೋಚಿಸಬಹುದು. ಕೂಲಿಯ ಮನೆಯವರು ಇದಕ್ಕಾಗಿ ಸಾಲ ಮಾಡಬೇಕಿಲ್ಲ. ಇವೆರಡನ್ನೂ ಬಿಟ್ಟು ತಂತ್ರಾಂಶದಿಂದ ತಡೆಯುವುದು ಮೂರನೆಯದು. ಸೇವೆಯನ್ನು ಬಳಸುವಾಗ ನಾವು ಓದದೆಯೇ ಒಪ್ಪಿಕೊಂಡ ಕರಾರಿಗೆ ಅದು ವಿರುದ್ಧ. ಓದದೆ ಕೊಟ್ಟ ಮಾತು ತೂಕದಲ್ಲಿ ಕಡಿಮೆ ಇರಬಹುದು, ಆದರೂ ಮಾತು ಮಾತೇ. 2023ರಿಂದೀಚೆಗೆ ಕಂಪನಿಯೂ ಇಂಥವರಿಗೆ ವಿಡಿಯೋ ನಿಲ್ಲಿಸಿಬಿಡುತ್ತಿದೆ.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಟ್ಟರೆ ನಾನು ಸುಳ್ಳು ಹೇಳಿದಂತೆ. ಕರಾರಿನ ಇನ್ನೊಂದು ತುದಿಯಲ್ಲಿರುವವರೂ ಸತ್ಯವಂತರಾಗಿರಬೇಕಲ್ಲವೇ? ಸಾಮಾಜಿಕ ಸಂಪರ್ಕಗಳ ಪೊಂತಿಫಿಕಲ್ ಮಂಡಳಿ 1997ರ ಫೆಬ್ರವರಿಯಲ್ಲಿ ಜಾಹೀರಾತಿನ ನೀತಿಯ ಬಗೆಗೆ ಒಂದು ದಾಖಲೆಯನ್ನು ಹೊರಡಿಸಿತು. ಜಾಹೀರಾತು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಅದೊಂದು ಸಾಧನ ಎಂಬುದು ಅದರ ನಿಲುವು. ಅದು ಮೂರನ್ನು ಕೇಳಿತು: ಸತ್ಯ, ಮಾನವ ವ್ಯಕ್ತಿಯ ಘನತೆ, ಸಮಾಜದ ಹೊಣೆ. ಗುಳಿಗೆ ಬಿಡಿಸುವ ಪುಡಿಯ ಜಾಹೀರಾತು ಮೂರರಲ್ಲೂ ಸೋಲುತ್ತದೆ. ಸಕ್ಕರೆ ಕಾಯಿಲೆಯನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ ಕಾನೂನೇ 1954ರಿಂದ ನಿಷೇಧಿಸಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ಬಂದದ್ದು 2025ರ ಆಗಸ್ಟಿನಲ್ಲಿ. ಅದಕ್ಕೆ ಮೊದಲು ರಮ್ಮಿಯ ಜಾಹೀರಾತು ಪಾಠದ ನಡುವೆ, ಹಾಡಿನ ನಡುವೆ ಬಂದು ಎಷ್ಟು ಮನೆಗಳ ಪೀಕಿನ ಹಣವನ್ನು ನುಂಗಿತೆಂಬುದು ನಮ್ಮ ಹಳ್ಳಿಗಳಿಗೆ ಗೊತ್ತು.

ಆದುದರಿಂದ ನನ್ನ ಅಭಿಪ್ರಾಯ ಹೀಗೆ. ಕಥೆ ಯಾವುದು, ಮಾರಾಟ ಯಾವುದು ಎಂದು ತಿಳಿಯದ ಮಗುವನ್ನೂ, ನಂಬಿ ಗುಳಿಗೆ ಬಿಟ್ಟ ಅಜ್ಜಿಯನ್ನೂ ಕಾಯುವುದು ಮನೆಯವರ ಕರ್ತವ್ಯ. ಆ ಕರ್ತವ್ಯ ಕಂಪನಿಯ ಕರಾರಿಗಿಂತ ದೊಡ್ಡದು. ಬೇರೆ ದಾರಿ ಇಲ್ಲದಾಗ ಅವರಿಗಾಗಿ ಜಾಹೀರಾತು ತಡೆದ ತಂದೆತಾಯಿಗೆ ನಾನು ಪಾಪದ ಭಾರ ಹೊರಿಸಲಾರೆ. ಆದರೆ ಹದಿನೈದು ಸೆಕೆಂಡಿನ ಬೇಸರಕ್ಕಾಗಿ ಗಟ್ಟಿಮುಟ್ಟಾದ ಯುವಕ ಎಲ್ಲರ ಕೂಲಿಯನ್ನೂ ತಡೆದರೆ, ಅದಕ್ಕೆ ಅಜ್ಜಿಯ ಹೆಸರು ಹೇಳಬಾರದು. ಈ ಮಾತಿಗೆ ಹುಡುಗ ನಕ್ಕ.

ವಾಟ್ಸಾಪಿನಲ್ಲಿ ಬಂದದ್ದು

ಗೆಳೆಯ ಕಳಿಸಿದ್ದನ್ನು ತೋರಿಸು ಎಂದೆ. ಅದು ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಆ್ಯಪ್. ಕಂಪ್ಯೂಟರಿನ ಬ್ರೌಸರಿಗೆ ಜಾಹೀರಾತು ತಡೆಯುವ ಸಣ್ಣ ಜೋಡಣೆ ಹಾಕುವಂತೆ ಫೋನಿನ ಯೂಟ್ಯೂಬ್ ಆ್ಯಪಿಗೆ ಹಾಕಲು ಬರುವುದಿಲ್ಲ. ಹಾಗಾಗಿ ಯಾರೋ ಮೂಲ ಆ್ಯಪನ್ನೇ ಬಿಚ್ಚಿ, ತಿದ್ದಿ ಹಂಚುತ್ತಾರೆ. ಹೀಗೆ ಹೆಸರಾಗಿದ್ದ ಯೂಟ್ಯೂಬ್ ವ್ಯಾನ್ಸ್ಡ್ ಎಂಬುದು ಗೂಗಲ್ ಕಂಪನಿಯ ಕಾನೂನು ನೋಟೀಸಿನ ನಂತರ 2022ರಲ್ಲಿ ನಿಂತಿತು. ನಿಂತ ಮೇಲೆ ಅದರ ಹೆಸರು ಹೊತ್ತ ನಕಲಿಗಳು ಓಡಾಡತೊಡಗಿದವು. ತಿದ್ದಿದವನು ಜಾಹೀರಾತನ್ನು ಮಾತ್ರ ತೆಗೆದಿದ್ದಾನೋ, ಒಳಗೆ ಬೇರೇನನ್ನಾದರೂ ಇಟ್ಟಿದ್ದಾನೋ, ಯಾರು ನೋಡಿದ್ದಾರೆ? ಆ ಫೋನಿನಲ್ಲೇ ಅಜ್ಜಿಯ ಬ್ಯಾಂಕಿನ ಸಂದೇಶ, ಒಟಿಪಿ ಎಲ್ಲ ಬರುತ್ತವೆ. ಸಂದೇಶ ಓದುವ ಅನುಮತಿಯನ್ನು ಇಂಥ ಆ್ಯಪಿಗೆ ಕೊಟ್ಟರೆ ತಿಜೋರಿಯ ಕೀಲಿಯನ್ನೇ ಕೊಟ್ಟಂತೆ. ಇದರಲ್ಲಿ ಮಾತ್ರ ನಾನು ಮೆತ್ತಗಾಗಲಿಲ್ಲ, ಅಳಿಸು ಎಂದೆ. ಈಗಾಗಲೇ ಹಾಕಿಕೊಂಡು ಹಣ ಕಳೆದುಕೊಂಡವರಿದ್ದರೆ ನಾಚಿಕೊಂಡು ಕೂರಬೇಡಿರಿ. ಆ ಕ್ಷಣವೇ 1930ಕ್ಕೆ ಫೋನು ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ತಡವಾದಷ್ಟೂ ಹಣ ದೂರ ಹೋಗುತ್ತದೆ.

ಅದರ ಬದಲು ಹುಡುಗ ಮತ್ತು ನಾನು ಕೂಡಿ ಮಾಡಿದ್ದು ಇಷ್ಟೇ. ಗೂಗಲ್ ಖಾತೆಯೊಳಗೆ ಮೈ ಆಡ್ ಸೆಂಟರ್ ಎಂಬ ಜಾಗವಿದೆ. ಅಲ್ಲಿ ನಮ್ಮ ಜಾಡು ಹಿಡಿದು ಬರುವ ಜಾಹೀರಾತನ್ನು ನಿಲ್ಲಿಸಬಹುದು. ನಿಲ್ಲಿಸದಿದ್ದರೆ, ಜೂಜು, ಮದ್ಯ, ತೂಕ ಇಳಿಸುವ ಔಷಧ ಇಂಥವು ಕಡಿಮೆ ಬರಲಿ ಎಂದು ಗುರುತು ಹಾಕಬಹುದು. ಜಾಹೀರಾತು ಪೂರ್ಣ ನಿಲ್ಲುವುದಿಲ್ಲ, ಬಗೆ ಬದಲಾಗುತ್ತದೆ. ಸುಳ್ಳು ಜಾಹೀರಾತು ಕಂಡರೆ ಅದರ ಮೇಲಿನ ಮೂರು ಚುಕ್ಕೆಗಳನ್ನು ಒತ್ತಿ ದೂರು ಕೊಡಬಹುದು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಚಿಕ್ಕ ಮಕ್ಕಳಿರುವ ಮನೆಯವರು ಯೂಟ್ಯೂಬ್ ಕಿಡ್ಸ್ ಎಂಬ ಪ್ರತ್ಯೇಕ ಆ್ಯಪನ್ನು ಬಳಸುವುದು ಲೇಸು, ಆದರೆ ಅಲ್ಲಿಯೂ ಪಕ್ಕದಲ್ಲಿ ಕುಳಿತವರು ಬೇಕು.

ಅಜ್ಜಿಯನ್ನು ಇನ್ನೊಂದು ಮಾತು ಕೇಳಿದೆ. "ಜಪಸರ ನಿಮಗ ಬಾಯಿಪಾಠ ಐತಿ. ಫೋನು ಯಾಕ ಬೇಕು?" ಅವರೆಂದರು: "ನಾ ನಮೋ ಮರಿಯಾ ಅಂದ್ರ ಮುಂದಿನ ಅರ್ಧ ಅನ್ನಾಕ ಮನ್ಯಾಗ ಯಾರೂ ಇರೂದಿಲ್ರಿ. ಫೋನಿನ್ಯಾಗ ಅಂತಾರ." ಸೊಸೆ ತಲೆ ತಗ್ಗಿಸಿದರು. ತಪ್ಪು ಅವರದಲ್ಲ, ಸುಗ್ಗಿಯ ಹೊತ್ತಿನಲ್ಲಿ ಕತ್ತಲಾದ ಮೇಲೆಯೇ ಮನೆ ಸೇರುವವರು. ನಾನೂ ಆ ಹಳ್ಳಿಗೆ ಹೋಗುವುದು ತಿಂಗಳಿಗೊಮ್ಮೆ. ಜಾಹೀರಾತು ಬಂದರೆ ಜಪ ಮುರಿಯುತ್ತದೆಯೇ ಎಂದೂ ಅಜ್ಜಿ ಕೇಳಿದರು. ಮುರಿಯುವುದಿಲ್ಲ. ಬೇಡದೆ ಬಂದ ಚಂಚಲತೆ ಪಾಪವಲ್ಲ. ಅದನ್ನು ಬೆನ್ನಟ್ಟದೆ ಮನಸ್ಸನ್ನು ಮತ್ತೆ ದೇವರ ಕಡೆಗೆ ತಿರುಗಿಸಿದರೆ ಸಾಕೆಂದು 1992ರ ಧರ್ಮೋಪದೇಶ ಗ್ರಂಥವೂ ಕಲಿಸುತ್ತದೆ.

ಈ ವಾರ ಮನೆಯಲ್ಲಿ ಎಲ್ಲರೂ ಕುಳಿತಾಗ ಒಂದು ಕೆಲಸ ಮಾಡಿರಿ. ಹಿರಿಯರ ಫೋನನ್ನು ಅವರ ಪಕ್ಕದಲ್ಲೇ ಕುಳಿತು ಅರ್ಧ ಗಂಟೆ ನೋಡಿರಿ. ನಡುವೆ ಏನೇನು ಬರುತ್ತದೆ, ಅದರಲ್ಲಿ ಯಾವುದನ್ನು ಅವರು ನಂಬಿದ್ದಾರೆ, ಏನನ್ನಾದರೂ ತರಿಸಿದ್ದಾರೆಯೇ ಎಂದು ಕೇಳಿರಿ. ಬೈಯಬೇಡಿರಿ, ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಅಜ್ಜಿ ಪುಡಿಯನ್ನು ತರಿಸಿಯೇ ಬಿಟ್ಟಿದ್ದರು. ಮರು ವಾರ ಪೊಟ್ಟಣ ಮನೆಗೆ ಬಂತಂತೆ, ಬಾಗಿಲಲ್ಲಿ ಹಣ ಕೊಡುವ ಮೊದಲೇ ಸೊಸೆ ಅದನ್ನು ಹಿಂದಕ್ಕೆ ಕಳಿಸಿದರಂತೆ. ಗುಳಿಗೆ ಮತ್ತೆ ಆರಂಭವಾಗಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯೂ ಆಗಿದೆ. ಜಪದ ನಡುವೆ ಜಾಹೀರಾತು ಬಂದಾಗ ಅಜ್ಜಿ ಈಗ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕುತ್ತಾರೆ, ಮುಗಿದ ಮೇಲೆ ಎತ್ತಿಕೊಳ್ಳುತ್ತಾರೆ.