ಕಾರಿನ ಕ್ರೆಡಿಟ್ ಬರಲ್ಲ ಸ್ವಾಮಿ

ವಿಜಯನಗರದಲ್ಲಿ ನಮ್ಮದೊಂದು ಸಣ್ಣ ಆಫೀಸು. ಅಂಗಡಿ, ವರ್ಕ್‌ಶಾಪ್‌ಗಳ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ನಮ್ಮ ಕಸುಬು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬರುತ್ತಿದ್ದಂತೆ ಒಂಬತ್ತು ಜನ ಒಂಬತ್ತು ಸಿಪಿಯುಗಳನ್ನು ಆಟೊಗಳಲ್ಲಿ ಹಾಕಿಕೊಂಡು ಮನೆ ಸೇರಿದೆವು. ವರ್ಷ ಕಳೆದರೂ ಒಂದು ರಿಟರ್ನೂ ತಪ್ಪಲಿಲ್ಲ. ಹಾಗಾದರೆ ತಿಂಗಳಿಗೆ ನಲವತ್ತೈದು ಸಾವಿರ ಬಾಡಿಗೆ ಯಾವ ಸುಖಕ್ಕೆ ಎಂದು 2021ರಲ್ಲಿ ಆಫೀಸು ಖಾಲಿ ಮಾಡಿದೆ. ಹತ್ತು ತಿಂಗಳ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆಂದು ಒಂದು ತಿಂಗಳದ್ದನ್ನು ಓನರ್ ಮುರಿದುಕೊಂಡರು. ಬೆಂಗಳೂರಿನ ಬಾಡಿಗೆದಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ವರ್ಷವೇ ಹೊಸದಾಗಿ ಒಬ್ಬ ಬಿ.ಕಾಂ. ಹುಡುಗ ಸೇರಿದ. ಅವನನ್ನು ನಾವ್ಯಾರೂ ಕಣ್ಣಾರೆ ಕಂಡಿರಲಿಲ್ಲ. ಪೀಣ್ಯದ ನಮ್ಮ ಪಾರ್ಟಿಯೊಬ್ಬರು ಕಾರು ಕೊಂಡಿದ್ದರು. ಬಿಲ್ಲಿನಲ್ಲಿ ಶೇ 28 ತೆರಿಗೆ, ಹತ್ತಿರ ಹತ್ತಿರ ಒಂದೂವರೆ ಲಕ್ಷ. ಹುಡುಗ ಅಷ್ಟನ್ನೂ ಇನ್‌ಪುಟ್ ಕ್ರೆಡಿಟ್ ಎಂದು ತೆಗೆದುಕೊಂಡುಬಿಟ್ಟ. ಬಿಲ್ಲು ಪೋರ್ಟಲ್ಲಿನ ಕ್ರೆಡಿಟ್ ಪಟ್ಟಿ 2ಬಿಯಲ್ಲಿ ಕಾಣುತ್ತಿತ್ತು, ಟ್ಯಾಲಿಗೂ ತಾಳೆಯಾಗುತ್ತಿತ್ತು. ನನ್ನ ಕಣ್ಣಿಗೂ ಬೀಳಲಿಲ್ಲ. ಟ್ಯಾಕ್ಸಿ, ಡ್ರೈವಿಂಗ್ ಸ್ಕೂಲು, ಕಾರಿನ ಶೋರೂಮಿನಂಥವರನ್ನು ಬಿಟ್ಟರೆ ಉಳಿದವರಿಗೆ ಸಾಮಾನ್ಯ ಕಾರಿನ ಮೇಲೆ ಕ್ರೆಡಿಟ್ ಇಲ್ಲ; ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ ಅದನ್ನು ತಡೆಯುತ್ತದೆ. ನಾಲ್ಕು ತಿಂಗಳ ಮೇಲೆ ಸಿಕ್ಕಿಬಿದ್ದಾಗ ಕ್ರೆಡಿಟ್ ವಾಪಸ್, ಮೇಲೆ ಶೇ 18ರ ಬಡ್ಡಿ. ಬಡ್ಡಿಯನ್ನು ನಾನೇ ಕಟ್ಟಿದೆ.

"ಒಂದು ಮಾತು ಕೇಳಬಾರದಿತ್ತೇನಪ್ಪ?" ಅಂದೆ. "ಫೋನ್ ಮಾಡಿ ಕೇಳೋಷ್ಟು ದೊಡ್ಡದು ಅನ್ನಿಸ್ಲಿಲ್ಲ ಸರ್" ಅಂದ.

ಅವನ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹಳೇ ಆಫೀಸಿನಲ್ಲಿ ನಮ್ಮ ಸೀನಿಯರ್ ಮೇಡಂ ಫೋನಿನಲ್ಲಿ ಪಾರ್ಟಿಗಳಿಗೆ "ಕಾರಿನ ಕ್ರೆಡಿಟ್ ಬರಲ್ಲ ಸ್ವಾಮಿ, ಎಷ್ಟು ಸಲ ಹೇಳೋದು?" ಎಂದು ಗದರಿದರೆ ಮೂಲೆಯಲ್ಲಿ ಕೂತವನಿಗೂ ಕೇಳುತ್ತಿತ್ತು. ಆ ಗಲಾಟೆಗೆ ನಾನೇ ಎಷ್ಟೋ ಸಲ ರೇಗಿದ್ದೆ. ಅವರು ಗದರುತ್ತಿದ್ದುದೇ ನಮ್ಮ ಟ್ರೇನಿಂಗ್ ಆಗಿತ್ತು. ಬಾಡಿಗೆ ಉಳಿಸುವಾಗ ಅದಕ್ಕೊಂದು ಲೆಡ್ಜರ್ ತೆರೆದಿರಲಿಲ್ಲ.

ಮತ್ತೆ ಆಫೀಸು ಮಾಡೋಣವೇ ಎಂದು ಎಲ್ಲರನ್ನೂ ಕೇಳಿದೆ. ಹುಡುಗರು ಮನೆಯೇ ಬೇಕು ಅಂತಾರೆ, ವಯಸ್ಸಾದವರು ಬರುತ್ತಾರೆ ಎಂದುಕೊಂಡಿದ್ದೆ. ಉಲ್ಟಾ ಆಯಿತು. ಪಿಜಿಯ ಒಂದೇ ರೂಮಿನಲ್ಲಿ ಮೂವರ ಜೊತೆ ಮಂಚದ ಮೇಲೆ ಕೂತು ಕೆಲಸ ಮಾಡುತ್ತಿದ್ದ ನಮ್ಮ ಹುಡುಗ, "ಒಂದು ಕುರ್ಚಿ, ಯುಪಿಎಸ್ ಇದ್ರೆ ಸಾಕು ಸರ್, ನಾಳೆನೇ ಬರ್ತೀನಿ" ಅಂದ. ಕೆಂಗೇರಿಯಲ್ಲಿದ್ದ ನಮ್ಮ ಸೀನಿಯರ್ ಮೇಡಂ ಒಲ್ಲೆ ಅಂದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಮೇಲೆ ಮೈಸೂರು ರಸ್ತೆಯ ಟ್ರಾಫಿಕ್. ಅವರ ಮನಸ್ಸು ಅರ್ಧ ತಿರುಗಿದ್ದು ನನ್ನ ವಾದದಿಂದಲ್ಲ, 2021ರ ಆಗಸ್ಟ್ ಕೊನೆಗೆ ಮೆಟ್ರೊ ಕೆಂಗೇರಿವರೆಗೆ ಬಂದದ್ದರಿಂದ. ಹೊಸ ಜಾಗವನ್ನು ನಾನು ಹುಡುಕಿದ್ದೂ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲೇ. ಹಳೆಯದರ ಅರ್ಧದಷ್ಟು, ಏಳು ಕುರ್ಚಿ.

ಮೊದಲು ಐಟಿ ಕಂಪನಿಗಳನ್ನು ನೋಡಿ ಸೋಮವಾರದಿಂದ ಬುಧವಾರ ಎಲ್ಲರೂ ಬರಬೇಕು ಎಂದು ನಿಯಮ ಮಾಡಿದೆ. ಶುದ್ಧ ದಡ್ಡತನ. ಇಪ್ಪತ್ತನೇ ತಾರೀಖು ಶುಕ್ರವಾರ ಬಿತ್ತು. ತಿಂಗಳ ರಿಟರ್ನ್ 3ಬಿ ಕಟ್ಟುವ ಕೊನೇ ದಿನ ಎಲ್ಲರೂ ಮನೆಯಲ್ಲಿ, ಪೋರ್ಟಲ್ ತಿರುಗುತ್ತಾ ಕೂತಿದೆ, ಓಟಿಪಿ ಯಾರ ಫೋನಿನಲ್ಲಿದೆಯೋ ಯಾರಿಗೂ ತಿಳಿಯದು. ನಮ್ಮ ಕೆಲಸಕ್ಕೆ ವಾರವಿಲ್ಲ, ತಾರೀಖಿದೆ. ಈಗ ಹತ್ತು, ಹನ್ನೊಂದು, ಆಮೇಲೆ 2ಬಿ ಬರುವ ಹದಿನಾಲ್ಕರಿಂದ ಇಪ್ಪತ್ತರವರೆಗೆ ಆಫೀಸು. ಮಿಕ್ಕ ದಿನ ಅವರವರಿಷ್ಟ. ಹೊಸಬರು ಮಾತ್ರ ಆರು ತಿಂಗಳು ದಿನಾ ಬರಬೇಕು, ಮೇಡಂ ಪಕ್ಕದ ಕುರ್ಚಿ ಅವರದು.

ಶಿರಸಿಗೆ ವಾಪಸಾದ ಹುಡುಗಿ ಬರುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಮೂರು ತಿಂಗಳಿಗೊಮ್ಮೆ ರಿಟರ್ನ್ ಕಟ್ಟುವ ಸಣ್ಣ ಪಾರ್ಟಿಗಳನ್ನು ಅವಳಿಗೆ ವಹಿಸಿದ್ದೇವೆ. ಸಂಬಳ ಎಲ್ಲರಷ್ಟೇ.

ಹೋದ ತಿಂಗಳು ಆ ಕಾರಿನ ಹುಡುಗ ಕೇಳಿದ: "ಸರ್, ಶಿರಸಿಯವ್ರಿಗೆ ಬಾಡಿಗೆ ಇಲ್ಲ, ಮೆಟ್ರೊ ಕಾರ್ಡ್ ಇಲ್ಲ. ನಮಗೇನಾದ್ರೂ ಸೇರಿಸಿ ಕೊಡ್ತೀರಾ?" ನೋಡೋಣ ಅಂದಿದ್ದೇನೆ. ಇನ್ನೂ ನೋಡುತ್ತಲೇ ಇದ್ದೇನೆ.