ಜರ್ಮನಿಯ ಭಾನುವಾರ ಮತ್ತು ನಮ್ಮ ಭಾವ

ಸಂಶೋಧನೆಗೆಂದು ಜರ್ಮನಿಗೆ ಹೊರಟವರಿಗೆ ವೀಸಾ, ವಿಮೆ, ಬಾಡಿಗೆ ಮನೆಯ ಬಗ್ಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಭಾನುವಾರದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಟ್ಯೂಬಿಂಗನ್ನಿನಲ್ಲಿ ಒಂದು ಚಳಿಗಾಲದ ಸೆಮಿಸ್ಟರ್ ಕಳೆದು ಬಂದವಳು ನಾನು, ಹೇಳಲೇಬೇಕು.

ಊರೇನೋ ಚಂದ. ವಿಶ್ವವಿದ್ಯಾಲಯ 1477ರದು. ಕನ್ನಡ ನಿಘಂಟಿನ ಕಿಟೆಲ್‌ಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಇದೇ. ಅವರು 1903ರಲ್ಲಿ ಕಣ್ಣು ಮುಚ್ಚಿದ್ದೂ ಇದೇ ಊರಲ್ಲಿ. ಹಾಗಾಗಿ ಧಾರವಾಡದವಳಾದ ನನಗೆ ಹೋಗುವ ಮೊದಲೇ ಸಲಿಗೆ ಬಂದುಬಿಟ್ಟಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಆ ಸಲಿಗೆಗೆ ಕುಂದಿಲ್ಲ. ಭಾನುವಾರ ಬಂತೆಂದರೆ ಅಂಗಡಿಗಳೆಲ್ಲ ಬಂದ್. ಸಹೋದ್ಯೋಗಿಗಳು ಒಳ್ಳೆಯವರೇ, ಆದರೆ ಒಂದು ಕಾಫಿಗೂ ಎರಡು ಮೂರು ವಾರ ಮೊದಲು ಡೈರಿಯಲ್ಲಿ ಬರೆದುಕೊಳ್ಳುವ ಜನ. ಒಮ್ಮೆ ಹೊತ್ತು ಹೋಗಲೆಂದು ಖಾಲಿ ಬಾಟಲಿಗಳನ್ನು ಬೀದಿ ಮೂಲೆಯ ಗಾಜಿನ ತೊಟ್ಟಿಗೆ ಹಾಕಲು ಹೋದೆ. ಮೊದಲನೆಯದು ಠಳ್ ಎಂದದ್ದೇ ತಡ, ಎದುರು ಮನೆಯ ಅಜ್ಜಿ ಕಿಟಕಿ ತೆರೆದು, ಇವತ್ತು ಭಾನುವಾರ ಎಂದು ಗದರಿದರು. ಸದ್ದು ಮಾಡುವಂತಿಲ್ಲವಂತೆ.

ಸ್ಟುಟ್‌ಗಾರ್ಟಿನಲ್ಲಿ ನನ್ನ ಅಕ್ಕನ ಗಂಡ ಇದ್ದಾರೆ. ಹದಿನೈದು ವರ್ಷದಿಂದ ಅಲ್ಲೇ ಇರುವುದರಿಂದ ಜರ್ಮನಿಯಲ್ಲಿ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬುದು ಅವರ ನಂಬಿಕೆ. ಡಿಸೆಂಬರಿನ ಒಂದು ಭಾನುವಾರ ಬೇಬೆನ್‌ಹೌಸನ್ ಮಠ ನೋಡಲು ಹೋಗಿದ್ದೆ. ಊರಿಂದ ಬಸ್ಸಿನಲ್ಲಿ ಹತ್ತು ಹದಿನೈದು ನಿಮಿಷ. ಮಧ್ಯಯುಗದ ಮಠ; ಆಮೇಲೆ ರಾಜರ ಬೇಟೆಯ ಅರಮನೆಯಾಯಿತು. ವ್ಯುರ್ಟೆಂಬರ್ಗಿನ ಕೊನೆಯ ರಾಜ ಎರಡನೇ ವಿಲ್‌ಹೆಲ್ಮ್ 1921ರಲ್ಲಿ ಸತ್ತದ್ದು ಇಲ್ಲೇ. ನೋಡಿ ಮುಗಿಸಿ ಫೋನ್ ಮಾಡಿದರೆ ಭಾವ, "ಬಸ್ ಯಾಕ? ಹಿಂದ ಕಾಡ ಐತಿ, ಒಂದ್ ಸುತ್ತ ಹಾಕಿ ಬಾರವಾ. ತಾಸಿನ ದಾರಿ. ಸಣ್ಣ ಹುಡುಗ್ರು ಅಡ್ಡ್ಯಾಡ್ತಾವ ಅಲ್ಲೆ" ಅಂದರು.

ಆ ಕಾಡಿನ ಹೆಸರು ಶೋನ್‌ಬುಖ್. 150 ಚದರ ಕಿಲೋಮೀಟರಿಗೂ ಮಿಕ್ಕಿದ ರಕ್ಷಿತ ಅರಣ್ಯ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಇವೆರಡನ್ನೂ ಭಾವ ಹೇಳಲಿಲ್ಲ.

ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಮರಗಳ ಮೇಲಿನ ದಾರಿಗುರುತುಗಳಿಗೆಲ್ಲ ಹಿಮ ಮೆತ್ತಿಕೊಂಡಿತ್ತು. ಕೆಂಪು ಜಿಂಕೆಗಳಿಗಾಗಿ ಹಾಕಿದ ಎತ್ತರದ ಬೇಲಿ, ಅದಕ್ಕೊಂದು ಮರದ ಗೇಟು. ಅದನ್ನು ದಾಟಿ ಹಿಂದೆ ಮುಚ್ಚಿಕೊಂಡು ಹೋದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಗೇಟು ಸಿಕ್ಕಿತು. ಅದು ಬೇರೆಯದೋ, ಮೊದಲಿನದೋ ತಿಳಿಯಲಿಲ್ಲ. ನನ್ನ ಹೆಜ್ಜೆಗುರುತು ಹುಡುಕಿದೆ. ಬೇರೆಯವರ ಬೂಟಿನ ಗುರುತುಗಳಲ್ಲಿ ಕಲೆತುಹೋಗಿದ್ದವು. ನಕ್ಷೆ ನೋಡೋಣವೆಂದು ಗ್ಲೌಸ್ ಬಿಚ್ಚಿದೆ. ಅರ್ಧ ಚಾರ್ಜ್ ತೋರಿಸುತ್ತಿದ್ದ ಮೊಬೈಲು ಚಳಿಗೆ ಪಟಕ್ಕನೆ ಆಫ್ ಆಯಿತು. ಎದೆಗೆ ಒತ್ತಿ ಹಿಡಿದೆ, ಬಿಸಿಯುಸಿರು ಊದಿದೆ, ಏಳಲಿಲ್ಲ. ಬೆಳಕು ಬೂದಿಬಣ್ಣಕ್ಕೆ ತಿರುಗಿತು. ಎಡಗಡೆ ಪೊದೆಯೊಳಗೆ ಗುರ್ ಗುರ್ ಸದ್ದು. ಹಂದಿ! ಅಲ್ಲಿ ಕಾಡುಹಂದಿಗಳಿವೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಕೂಗಿದರೆ ಯಾರು ಕೇಳಬೇಕು? ಕೇಳಿದರೂ ಯಾವ ಭಾಷೆಯಲ್ಲಿ ಕೂಗುವುದು? ಬಾಯಿಂದ ಬಂದದ್ದು "ಅವ್ವಾ" ಮಾತ್ರ.

ಆಗ ನೆರವಿಗೆ ಬಂದದ್ದು ನಮ್ಮಪ್ಪ ಹೇಳಿಕೊಟ್ಟ ಪಾಠ. ದಾಂಡೇಲಿಯಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದವರು. ದಾರಿ ತಪ್ಪಿದರೆ ಹಳ್ಳ ಹುಡುಕು, ನೀರು ಹರಿಯುವ ಕಡೆ ಇಳಿ ಅನ್ನುತ್ತಿದ್ದರು. ಉಸಿರು ಬಿಗಿಹಿಡಿದು ನಿಂತೆ. ಕೆಳಗೆಲ್ಲೋ ನೀರಿನ ಸದ್ದು. ಅದು ಗೋಲ್ಡರ್ಸ್‌ಬಾಖ್ ಹಳ್ಳ, ಮಠದ ಪಕ್ಕದಲ್ಲೇ ಹರಿದು ಹೋಗುವಂಥದ್ದು. ಎರಡು ಸಲ ಜಾರಿಬಿದ್ದು, ಮೊಣಕಾಲು ತರಚಿಕೊಂಡು, ಹಳ್ಳದ ಜೊತೆಜೊತೆಗೇ ಇಳಿದು ಬಂದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ: ಆ ರಾತ್ರಿ ಕಾಡಿಂದ ಹೊರಗೆ ಬಂದದ್ದು ನನ್ನ ಕಾಲ ಮೇಲೇ.

ಬಸ್ ಸ್ಟಾಪಿಗೆ ಓಡಿದೆ. ಬಸ್ಸು ನಿಂತೇ ಇತ್ತು. ಬಾಗಿಲು ತಟ್ಟಿದರೆ ಡ್ರೈವರ್ ಗಡಿಯಾರ ತೋರಿಸಿ ಹೊರಟೇಬಿಟ್ಟ. ಮೈತುಂಬ ಕೆಸರು, ಹಿಮ ಹತ್ತಿಕೊಂಡ ಹೆಂಗಸೊಬ್ಬಳು ಕೈಮುಗಿದು ನಿಂತಿದ್ದಾಳೆ, ಅರ್ಧ ನಿಮಿಷ ಕಾದಿದ್ದರೆ ಆ ದೇಶದ ಶಿಸ್ತು ಕೆಟ್ಟುಹೋಗುತ್ತಿತ್ತೇ? ಭಾನುವಾರದ ಮುಂದಿನ ಬಸ್ಸಿಗೆ ನಡುಗುತ್ತಾ ಕಾಯಬೇಕಾಯಿತು. ರೂಮಿಗೆ ಬಂದು ಭಾವನಿಗೆ ಎಲ್ಲ ಹೇಳಿದೆ. "ನಿನ್ನ ಬೂಟ್ ಸರಿ ಇಲ್ಲ ಕಾಣ್ಸತೈತಿ" ಎಂದರು.

ಈಗ ಹೋಗುವವರಿಗೆ ನಾಲ್ಕು ಮಾತು. ಸಾಧ್ಯವಾದರೆ ಏಪ್ರಿಲ್‌ನಲ್ಲಿ ಶುರುವಾಗುವ ಬೇಸಿಗೆ ಸೆಮಿಸ್ಟರಿಗೆ ಹೋಗಿ. ನೆಕರ್ ನದಿಯಲ್ಲಿ ಗಳ ಹಾಕಿ ನಡೆಸುವ ಉದ್ದನೆಯ ದೋಣಿಗಳು ಹೆಚ್ಚಾಗಿ ಬೇಸಿಗೆಯಲ್ಲೇ ಇರುತ್ತವೆ. ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ಅವುಗಳ ಪಂದ್ಯ; ಸೋತ ತಂಡದವರು ಮೀನೆಣ್ಣೆ ಕುಡಿಯಬೇಕು. ಚಳಿಗಾಲವೇ ಪಾಲಿಗೆ ಬಂದರೆ ಕೋಟೆಯ ಮ್ಯೂಸಿಯಂ ಇದೆ. ಮ್ಯಾಮತ್ ದಂತದಲ್ಲಿ ಕೆತ್ತಿದ, ಸುಮಾರು 40 ಸಾವಿರ ವರ್ಷ ಹಳೆಯ, ಬೆರಳುದ್ದದ ಕುದುರೆ ಅಲ್ಲಿದೆ. 1869ರಲ್ಲಿ ಮೀಶರ್ ಡಿಎನ್‌ಎ ಕಂಡುಹಿಡಿದದ್ದು ಅದೇ ಕೋಟೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ. ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳಿಗೆ ನೋಂದಣಿ ತೆರೆದ ದಿನವೇ ಹೆಸರು ಹಚ್ಚಿ. ಕಾಡು ಸುತ್ತುವ ಆಸೆಯಿದ್ದರೆ 1888ರಿಂದ ಇರುವ ಶ್ವಾಬಿಷರ್ ಆಲ್ಬ್‌ಫೆರೈನ್ ಎಂಬ ಚಾರಣ ಸಂಘದವರ ಜೊತೆ ಹೋಗಿ; ಹೋಗುವ ಮೊದಲು ಸೂರ್ಯಾಸ್ತದ ಹೊತ್ತನ್ನೂ ಕೊನೆಯ ಬಸ್ಸಿನ ಹೊತ್ತನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಆ ಕಡೆ ಬಂಧುಗಳಿದ್ದರೆ ಹಬ್ಬಕ್ಕೆ ಹೋಗಿ ಹೋಳಿಗೆ ಉಂಡು ಬನ್ನಿ. ದಾರಿ ಮಾತ್ರ ಅವರನ್ನು ಕೇಳಬೇಡಿ.