ಬೆಕ್ಕಿನ ಕಜ್ಜಿಗೆ ಆಡಿನ ಔಷಧಿಯೇ?

ಕೊಹೀರ್, ಜಹೀರಾಬಾದ್ ಕಡೆಯ ಊರುಗಳಲ್ಲಿ ಜೋಳದ ಚೀಲಗಳನ್ನು ಇಲಿಗಳಿಂದ ಕಾಯುವುದು ಬೆಕ್ಕು. ಮಕ್ಕಳ ಹಾಸಿಗೆಯಲ್ಲಿ ಮಲಗುವುದೂ ಅದೇ. ಇಂಥ ಬೆಕ್ಕಿಗೆ ಕಜ್ಜಿಯಾದಾಗ ನಾವು ಮಾಡುವ ತಪ್ಪೊಂದಿದೆ: ಆಡು, ದನಗಳಿಗೆ ತಂದು ಉಳಿದ ಐವರ್‌ಮೆಕ್ಟಿನ್ ಸೂಜಿಮದ್ದನ್ನು ಅಂದಾಜಿನಲ್ಲಿ ಬೆಕ್ಕಿಗೂ ಚುಚ್ಚುವುದು.

ರೋಗದ ಗುರುತು: ಕಜ್ಜಿ ತರುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಮೊದಲು ಕಿವಿಯ ಅಂಚಿನಲ್ಲಿ ಹೊಪ್ಪಳೆ ಕಟ್ಟಿ, ಮುಖ, ಕತ್ತು, ಪಾದಗಳಿಗೆ ಹರಡುತ್ತದೆ. ಕಿವಿಯೊಳಗಿನ ನುಸಿ ಬೇರೆ ಜಾತಿಯದು. ಅದು ಇದ್ದರೆ ಕಿವಿಯಲ್ಲಿ ಕಾಫಿಪುಡಿಯಂಥ ಕಪ್ಪು ಕೊಳೆ ಕಾಣುತ್ತದೆ.

ಔಷಧಿಯ ಲೆಕ್ಕ: ಐವರ್‌ಮೆಕ್ಟಿನ್ ಒಳ್ಳೆಯ ಔಷಧಿಯೇ. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಇದು 1981ರಿಂದ ಪಶುಗಳಿಗೆ ಬಳಕೆಯಲ್ಲಿದೆ. ಇದನ್ನು ಕಂಡುಹಿಡಿದ ಓಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತೊಂದರೆ ಇರುವುದು ಅಳತೆಯಲ್ಲಿ. ಶೇ. 1ರ ಸೂಜಿಮದ್ದಿನ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ ಔಷಧಿ ಇರುತ್ತದೆ. ಪ್ರತಿ ಕಿಲೋ ತೂಕಕ್ಕೆ 0.2 ಮಿ.ಗ್ರಾಂ ಎಂದು ಹಿಡಿದರೆ 25 ಕಿಲೋ ಆಡಿಗೆ ಅರ್ಧ ಮಿ.ಲೀ. ಆಗುತ್ತದೆ, 3 ಕಿಲೋ ಬೆಕ್ಕಿಗೆ ಬರೀ 0.06 ಮಿ.ಲೀ. ಆಡಿನ ಅಳತೆಯನ್ನೇ ಬೆಕ್ಕಿಗೆ ಚುಚ್ಚಿದರೆ ಎಂಟು ಪಟ್ಟು ಹೆಚ್ಚಾಯಿತು! ಈ ಲೆಕ್ಕ ಅಪಾಯ ತಿಳಿಯಲೆಂದು ಹೇಳಿದ್ದೇ ಹೊರತು ಮನೆಯಲ್ಲಿ ಚುಚ್ಚಲು ಅಲ್ಲ. ತೂಕ ನೋಡಿ ಔಷಧಿ ಕೊಡುವ ಕೆಲಸ ಪಶುವೈದ್ಯರದು.

ಹೆಚ್ಚಾದರೆ: ಕೆಲವೇ ಗಂಟೆಗಳಲ್ಲಿ ಬೆಕ್ಕು ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಕಣ್ಣು ಕಾಣದಂತಾಗುತ್ತದೆ, ನಡುಕ ಬಂದು ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ನೇರವಾದ ಪ್ರತಿಮದ್ದು ಇಲ್ಲ. ಬಾಯಿಗೆ ಏನನ್ನೂ ಹಾಕದೆ, ಬೆಚ್ಚಗೆ ಸುತ್ತಿ, ಔಷಧಿಯ ಬಾಟಲಿ ಸಮೇತ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ.

ನೆನಪಿಡಬೇಕಾದ ಮಾತುಗಳು:

1. ಎಳೆಯ ಮರಿಗಳಿಗೆ ಈ ಔಷಧಿ ಹೆಚ್ಚು ಅಪಾಯ. ಮರಿಯ ವಯಸ್ಸನ್ನು, ಬೆಕ್ಕು ಗಬ್ಬವಾಗಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ತಿಳಿಸಿರಿ.

2. ಔಷಧಿ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಸಾಮಾನ್ಯವಾಗಿ ಎರಡು ವಾರದ ನಂತರ ಮತ್ತೆ ಕೊಡಬೇಕಾಗುತ್ತದೆ. ವಾಸಿಯಾದಂತೆ ಕಂಡರೂ ಎರಡನೇ ಸಲ ತಪ್ಪಿಸಬೇಡಿ.

3. ಮನೆಯ ಎಲ್ಲ ಬೆಕ್ಕುಗಳಿಗೂ ಒಟ್ಟಿಗೆ ಚಿಕಿತ್ಸೆಯಾಗಲಿ. ಅವು ಮಲಗುವ ಗೋಣಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ.

4. ಸೀಮೆಎಣ್ಣೆ, ಫಿನಾಯಿಲ್, ನಾಯಿಗೆ ಹಚ್ಚುವ ಪರ್ಮೆಥ್ರಿನ್ ಅಥವಾ ಅಮಿಟ್ರಾಜ್, ಮನುಷ್ಯರ ಕಜ್ಜಿಯ ಬೆಂಜೈಲ್ ಬೆಂಜೋಯೇಟ್ ಇವನ್ನು ಬೆಕ್ಕಿಗೆ ಹಚ್ಚಲೇಬಾರದು. ಬೆಕ್ಕು ಮೈ ನೆಕ್ಕುವ ಪ್ರಾಣಿ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

5. ಬೆಕ್ಕನ್ನು ಎತ್ತಿಕೊಂಡ ಮಕ್ಕಳಿಗೂ ತುರಿಕೆ ಬರಬಹುದು. ಬೆಕ್ಕು ವಾಸಿಯಾದ ಮೇಲೆ ಅದೂ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿರಿ. ಪಶುಗಳ ಔಷಧಿಯನ್ನು ಮಕ್ಕಳಿಗೆ ಎಂದಿಗೂ ಕೊಡಬೇಡಿ.

ರೋಗ ಬಹಳ ಬಲಿತಿದ್ದರೆ ಬೀದರಿನ ಪಶುವೈದ್ಯಕೀಯ ಕಾಲೇಜು ನಮಗೆ ದೂರವಲ್ಲ; ಕೊಹೀರ್‌ನಿಂದ ಜಹೀರಾಬಾದ್ ಮೇಲೆ ರೈಲು ಹೋಗುತ್ತದೆ. ಉಳಿದ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇಡಿರಿ. ಒಂದು ಹನಿ ಹೆಚ್ಚಾದರೂ ಬೆಕ್ಕಿಗೆ ಅದು ಬಹಳವೇ.